ಬೆಳಗಾವಿಯೊಳಗ ಬರೀ ಕ್ರಿಮಿನಲ್ ಪ್ರಾಕ್ಟೀಸ್: ಮೊದಲ ಎರಡು ವರ್ಷ ಏನ ಕಲೀಬೇಕು?

ಘಟಪ್ರಭಾ (ಪ್ರಶ್ನೆ):

ಹಿರಿಯರಿಗೆಲ್ಲ ನಮಸ್ಕಾರ್ರಿ. ಈ ವರ್ಷ ಸನದು (ವಕೀಲಿ ಪರವಾನಗಿ) ಬಂದೈತಿ. ಕ್ರಿಮಿನಲ್ ಕಡೆನ ಹೋಗಬೇಕಂತ ಗಟ್ಟಿ ಮನಸ್ಸು ಮಾಡೇನಿ. ಇಂಗ್ಲೆಂಡಿನ ಕ್ರಿಮಿನಲ್ ಬ್ಯಾರಿಸ್ಟರ್‌ಗಳು ಬರೀ ಕೋರ್ಟಿನ ಕೆಲಸ ಮಾಡ್ತಾರ, ಉಳಿದಿದ್ದನ್ನ ಬೇರೆಯವರು ನೋಡ್ಕೋತಾರ ಅಂತ ಓದಿದೆ. ನಮ್ಮ ಕಡೆ ಹಂಗ ಸಾಧ್ಯ ಐತೇನ್ರಿ? ಗೋಕಾಕಿನಾಗ ಕುಂಡ್ರೋದು ಚಲೋನೋ, ಬೆಳಗಾವಿ ಜಿಲ್ಲಾ ಕೋರ್ಟ್ ಚಲೋನೋ? ರಿಮಾಂಡ್, ಜಾಮೀನು, ಪಾಟೀ ಸವಾಲು ಈ ಮೂರರಾಗ ಹೊಸಬರು ಎಲ್ಲಿ ಎಡವತಾರ ಅನ್ನೋದನ್ನ ಬಿಡಿಸಿ ಹೇಳಿದ್ರ ಭಾಳ ಉಪಕಾರ ಆಗ್ತೈತಿ. ಬಾಗಲಕೋಟಿ, ವಿಜಯಪುರದ ಗೆಳೆಯರೂ ಇದನ್ನ ಕೇಳಾಕತ್ತಾರ.

ಕೋಟೆಕೆರೆ:

ತಮ್ಮಾ, ಮೊದಲು ಬ್ಯಾರಿಸ್ಟರ್ ವಿಷಯ ಮುಗಿಸೋಣ. ಇಂಗ್ಲೆಂಡಿನಲ್ಲಿ ಆರೋಪಿ ಸಾಮಾನ್ಯವಾಗಿ ಮೊದಲು ಹೋಗುವುದು ಸಾಲಿಸಿಟರ್ ಹತ್ತಿರ. ಠಾಣೆಗೆ ಓಡುವುದು, ಸಾಕ್ಷಿಗಳನ್ನು ಹುಡುಕುವುದು, ಕಡತ ಕಟ್ಟುವುದು ಅವರ ಪಾಲು. ಕಟ್ಟಿದ ಕಡತ ಬ್ಯಾರಿಸ್ಟರ್ ಕೈಗೆ ಬರುತ್ತದೆ, ಅವರು ಕ್ರೌನ್ ಕೋರ್ಟಿನಲ್ಲಿ ವಿಚಾರಣೆ ನಡೆಸುತ್ತಾರೆ. ಅದಕ್ಕೆ ಲಂಡನ್ನಿನ ನಾಲ್ಕು ಇನ್‌ಗಳಲ್ಲಿ ಒಂದನ್ನು ಸೇರಿ, ಬಾರ್ ತರಬೇತಿ ಮುಗಿಸಿ, ಒಂದು ವರ್ಷ ಪ್ಯೂಪಿಲೇಜ್ ಮಾಡಬೇಕು. ಮೊದಲ ಆರು ತಿಂಗಳು ಹಿರಿಯರ ಹಿಂದೆ ಕೂತು ನೋಡುವುದು, ಮುಂದಿನ ಆರು ತಿಂಗಳು ಅವರ ಕಣ್ಣಳತೆಯಲ್ಲಿ ಸ್ವಂತ ಕೇಸು ನಡೆಸುವುದು. ನಮ್ಮಲ್ಲಿ 1961ರ ವಕೀಲರ ಕಾಯ್ದೆ ಈ ಭೇದವನ್ನೇ ತೆಗೆದುಹಾಕಿತು. ಠಾಣೆಯ ಬಾಗಿಲಿಗೆ ಹೋಗುವವನೂ ನೀನೇ, ಸೆಷನ್ಸ್ ಕೋರ್ಟಿನಲ್ಲಿ ಎದ್ದು ನಿಲ್ಲುವವನೂ ನೀನೇ. ಆದರೆ ಆ ಪದ್ಧತಿಯ ಒಂದು ಅಭ್ಯಾಸ ಇಲ್ಲಿಗೂ ಬೇಕು: ಕಡತ ಪೂರ್ತಿ ತಯಾರಾಗದೆ ಬಾಯಿ ತೆರೆಯಬಾರದು.

ಅಖಿಲ ಭಾರತ ಬಾರ್ ಪರೀಕ್ಷೆ ಇನ್ನೂ ಬರೆದಿಲ್ಲವಾದರೆ ಅದನ್ನು ಮುಂದೂಡಬೇಡ. ಸನದು ಬಂದ ಎರಡು ವರ್ಷದೊಳಗೆ ಪಾಸಾಗಬೇಕು. 100 ಪ್ರಶ್ನೆ, ಸಾಮಾನ್ಯ ವರ್ಗಕ್ಕೆ ಶೇ 45, ಪರಿಶಿಷ್ಟರಿಗೆ ಶೇ 40. ಟಿಪ್ಪಣಿ ಇಲ್ಲದ ಕಾಯ್ದೆ ಪುಸ್ತಕ ಒಳಗೆ ಒಯ್ಯಬಹುದು.

ಗೋಕಾಕೋ ಬೆಳಗಾವಿಯೋ ಎಂದರೆ, ತಾಲೂಕಿನ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿನಲ್ಲಿ ಆರು ತಿಂಗಳಲ್ಲೇ ನಿನ್ನ ಬಾಯಿಂದ ಪಾಟೀ ಸವಾಲು ಬರುತ್ತದೆ, ಆದರೆ ಕೊಲೆ, ಕೊಲೆ ಯತ್ನ, ಪೋಕ್ಸೋ ಕೇಸಿನ ಕಡತ ಕೈಗೆ ಸಿಗುವುದು ತಡ. ಜಿಲ್ಲಾ ಕೋರ್ಟಿನಲ್ಲಿ ದೊಡ್ಡ ಕಡತ ದಿನಾ ಕಾಣುತ್ತದೆ, ನಿಂತು ಮಾತಾಡುವ ಅವಕಾಶ ಕಡಿಮೆ. ನನ್ನ ಅಭಿಪ್ರಾಯ: ಎರಡು ವರ್ಷ ಬೆಳಗಾವಿಯಲ್ಲಿ ಸೆಷನ್ಸ್ ಕೆಲಸ ಇರುವ ಹಿರಿಯರ ಆಫೀಸು, ಜೊತೆಗೆ ನಿನ್ನ ಊರಿನ ಕಡೆಯ ಸಣ್ಣ ಕೇಸು. ಹಿರಿಯರನ್ನು ಆರಿಸುವಾಗ ಅವರ ಹೆಸರಿಗಿಂತ ಒಂದು ಸಂಗತಿ ವಿಚಾರಿಸು: ಅವರ ಜೂನಿಯರ್‌ಗಳು ಜಾಮೀನು ಅರ್ಜಿ ಮತ್ತು ಕೇಸಿನ ದಿನಾಂಕಪಟ್ಟಿ ಸ್ವತಃ ಬರೆಯುತ್ತಾರೋ, ಇಲ್ಲ ಬರೀ ಮುದ್ದತು ಪಡೆಯಲು ಓಡುತ್ತಾರೋ? ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಹೇಳಿದೆ. ಅದು ಸಲಹೆ, ಕಡ್ಡಾಯವಲ್ಲ. ಹಾಗಾಗಿ ಸೇರುವ ಮುಂಚೆಯೇ ಸಂಕೋಚ ಬಿಟ್ಟು ಕೇಳು.

ಒಂದು ವರ್ಷ ಆದ ಮೇಲೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾನೂನು ನೆರವು ರಕ್ಷಣಾ ವಕೀಲರ ವ್ಯವಸ್ಥೆಯನ್ನೂ ನೋಡು. ಸಹಾಯಕ ಹುದ್ದೆಗೆ 3 ವರ್ಷದವರೆಗಿನ, ಉಪ ಮುಖ್ಯಸ್ಥರಿಗೆ 7, ಮುಖ್ಯಸ್ಥರಿಗೆ 10 ವರ್ಷದ ಅನುಭವ ಕೇಳುತ್ತಾರೆ. ಪೂರ್ಣಾವಧಿ ಕೆಲಸ, ಖಾಸಗಿ ಕೇಸು ಹಿಡಿಯುವಂತಿಲ್ಲ. ಆದರೆ ಬರೀ ಕ್ರಿಮಿನಲ್ ಕೆಲಸ ಬೇಕು ಅನ್ನುವವರಿಗೆ ನಮ್ಮ ಭಾಗದಲ್ಲಿ ಅದರಷ್ಟು ನೇರವಾದ ದಾರಿ ಬೇರೆ ಇಲ್ಲ. ಖಾಸಗಿಯಾಗಿ ಕೂತರೆ ಮೊದಲ ಐದು ವರ್ಷ ಸಿವಿಲ್ ಬಿಡಬೇಡ. ಹೊಟ್ಟೆಪಾಡಿನ ಮಾತಷ್ಟೇ ಅಲ್ಲ, ಬಾಂದು, ಹಿಸ್ಸೆ, ಹಾದಿ ತಕರಾರು ಗೊತ್ತಿಲ್ಲದವನಿಗೆ ಇಲ್ಲಿಯ ಹೊಡೆದಾಟದ ಕೇಸು ಅರ್ಥವೇ ಆಗುವುದಿಲ್ಲ.

ನಿನ್ನ ಗೆಳೆಯರಿಗೂ ಒಂದು ಮಾತು ಹೇಳು: ಬೆಳಗಾವಿ, ಬಾಗಲಕೋಟೆ ಧಾರವಾಡ ಪೀಠಕ್ಕೆ ಸೇರುತ್ತವೆ, ವಿಜಯಪುರ ಕಲಬುರಗಿ ಪೀಠಕ್ಕೆ. ಸೆಷನ್ಸ್‌ನಲ್ಲಿ ಜಾಮೀನು ವಜಾ ಆದ ದಿನವೇ ಯಾವ ಊರಿನ ವಕೀಲರಿಗೆ ಕಡತ ಹೋಗಬೇಕು ಎನ್ನುವುದು ಗೊತ್ತಿರಬೇಕು.

ಮಲಪ್ರಭಾ ದಂಡಿ:

ರಿಮಾಂಡ್ ಮತ್ತು ಜಾಮೀನಿನ ಬಗ್ಗೆ ಬರೆಯುತ್ತೇನೆ, ಯಾಕಂದರೆ ಅತಿ ಹೆಚ್ಚು ಹಾನಿ ಆಗುವುದು ಇಲ್ಲೇ.

ಬಂಧನದ ಸುದ್ದಿ ಬಂದ ಕೂಡಲೇ ನಾಲ್ಕು ಹೊತ್ತು ಬರೆದಿಟ್ಟುಕೊಳ್ಳಿ: ಮನೆಯಿಂದ ಕರೆದೊಯ್ದದ್ದು, ಬಂಧನ ಪತ್ರದಲ್ಲಿ ಕಾಣಿಸಿದ್ದು, ಎಫ್‌ಐಆರ್ ದಾಖಲಾದದ್ದು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದ್ದು. ಪ್ರಯಾಣದ ವೇಳೆ ಕಳೆದು 24 ಗಂಟೆ ಮೀರಿದೆಯೋ ಎನ್ನುವುದು ಈ ನಾಲ್ಕರಿಂದಲೇ ತಿಳಿಯುತ್ತದೆ. ಆಮೇಲೆ ಎರಡು ಕಾಗದ ಕೇಳಿ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಹೊಸ ಕಾಯ್ದೆ) ಕಲಂ 35(3)ರ ನೋಟಿಸು ಕೊಟ್ಟಿದ್ದರೇ? ಕೊಡದೆ ಬಂಧಿಸಿದ್ದರೆ ಕಾರಣ ಎಲ್ಲಿ ಬರೆದಿದ್ದಾರೆ? ಹಳೆಯ ಸಂಹಿತೆಯ 41ಎ ಮೇಲಿನ 2014ರ ಅರ್ನೇಶ್ ಕುಮಾರ್ ತೀರ್ಪು ಇದರ ಬೆನ್ನೆಲುಬು. ಎರಡನೆಯದು, ಬಂಧನದ ಆಧಾರಗಳನ್ನು ಲಿಖಿತವಾಗಿ ಕೊಟ್ಟ ಪ್ರತಿ. ಪಂಕಜ್ ಬನ್ಸಲ್ (2023), ಪ್ರಬೀರ್ ಪುರಕಾಯಸ್ಥ (2024) ತೀರ್ಪುಗಳ ನಂತರ ಇದು ಬರೀ ಶಿಷ್ಟಾಚಾರವಾಗಿ ಉಳಿದಿಲ್ಲ. ಈ ಆಕ್ಷೇಪಗಳನ್ನು ಬಾಯಿಮಾತಿನಲ್ಲಿ ಹೇಳಿ ಬಂದರೆ ಮುಂದೆ ಕುರುಹೇ ಉಳಿಯುವುದಿಲ್ಲ. ಅರ್ಧ ಪುಟವಾದರೂ ಸರಿ, ಬರೆದು ಕೊಡಿ. ಮೈಮೇಲೆ ಗಾಯ ಇದ್ದರೆ ಅಲ್ಲೇ ಹೇಳಿಸಿ, ಆದೇಶದಲ್ಲಿ ದಾಖಲಾಗಲಿ.

ಈಗ ದಿನದ ಲೆಕ್ಕ. ಕಲಂ 187(3)ರಲ್ಲಿ 60 ದಿನ ಅಥವಾ 90 ದಿನದೊಳಗೆ ದೋಷಾರೋಪಣ ಪಟ್ಟಿ ಬರದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಲೆಕ್ಕ ಶುರುವಾಗುವುದು ಬಂಧನದ ದಿನದಿಂದಲ್ಲ, ಮೊದಲ ರಿಮಾಂಡ್ ದಿನದಿಂದ. ಆ ದಿನವನ್ನೂ ಸೇರಿಸಬೇಕೆಂದು ಕಪಿಲ್ ವಾಧವಾನ್ ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೂನ್ 1ಕ್ಕೆ ರಿಮಾಂಡ್ ಆದರೆ ಜೂನ್ 30ಕ್ಕೆ 30 ದಿನ, ಜುಲೈ 30ಕ್ಕೆ 60. ಹಕ್ಕು ಹುಟ್ಟುವುದು ಜುಲೈ 31ರ ಬೆಳಗ್ಗೆ. 'ಎರಡು ತಿಂಗಳು' ಎಂದು ಹಿಡಿದು ಆಗಸ್ಟ್ 1ಕ್ಕೆ ಹೋದರೆ, 31ರ ಸಂಜೆಯೇ ಪಟ್ಟಿ ಬಂದು ಬಿದ್ದಿರುತ್ತದೆ. 30ಕ್ಕೇ ಕೊಟ್ಟರೆ ಅವಧಿಗೆ ಮುನ್ನ ಎಂದು ವಜಾ. 31ರಂದು ಕೋರ್ಟ್ ಕಚೇರಿ ತೆರೆದ ಕೂಡಲೇ ಅರ್ಜಿ ಕೊಟ್ಟು, ಸಲ್ಲಿಸಿದ ವೇಳೆಯನ್ನು ಶಿರಸ್ತೇದಾರರಿಂದ ಬರೆಸಿಕೊಳ್ಳಿ. ಅರ್ಜಿ ಕೊಟ್ಟು ಒಂದು ತಾಸಿನ ನಂತರ ಪಟ್ಟಿ ಬಂದರೂ ಹಕ್ಕು ಹೋಗುವುದಿಲ್ಲ, 2020ರ ಎಂ. ರವೀಂದ್ರನ್ ತೀರ್ಪು ಅದನ್ನು ಸ್ಪಷ್ಟ ಮಾಡಿದೆ. ರಜೆ ಬಂದಿದ್ದರೆ ಪ್ರಭಾರ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ. ಜಾಮೀನುದಾರರ ಕಾಗದ ಕೂಡಿಲ್ಲವೆಂದು ಅರ್ಜಿ ತಡ ಮಾಡುವುದು ಹೊಸಬರು ಮಾಡುವ ದೊಡ್ಡ ತಪ್ಪು. ಅರ್ಜಿ ಮೊದಲು, ಕಾಗದ ಆಮೇಲೆ. ಆದೇಶ ಆದ ಮೇಲೂ ಜಾಮೀನುದಾರರನ್ನು ಒದಗಿಸದೆ ದಿನ ನೂಕಿದರೆ, ಅಷ್ಟರಲ್ಲಿ ಪಟ್ಟಿ ಬಂದು ಹಕ್ಕು ಕೈಬಿಡುತ್ತದೆ.

60 ಯಾವಾಗ, 90 ಯಾವಾಗ ಎಂಬುದರಲ್ಲೂ ಎಚ್ಚರ ಬೇಕು. ಮರಣದಂಡನೆ, ಜೀವಾವಧಿ, ಅಥವಾ ಕನಿಷ್ಠ ಹತ್ತು ವರ್ಷದ ಶಿಕ್ಷೆ ಇದ್ದರೆ 90. 'ಹತ್ತು ವರ್ಷದವರೆಗೆ' ಎಂದಿರುವ ಅಪರಾಧಕ್ಕೆ 60 ಎಂಬುದು ಹಳೆಯ ಸಂಹಿತೆಯ ಮೇಲಿನ 2017ರ ರಾಕೇಶ್ ಕುಮಾರ್ ಪಾಲ್ ತೀರ್ಪು. ಹೊಸ ಸಂಹಿತೆಯ ಪದಗಳು ಸ್ವಲ್ಪ ಬೇರೆ ಇರುವುದರಿಂದ ಸರ್ಕಾರಿ ಅಭಿಯೋಜಕರು ಇದರ ಮೇಲೆ ವಾದ ಎತ್ತುತ್ತಾರೆ, ತಯಾರಿರಿ. ಗಾಂಜಾ ಕೇಸಿನಲ್ಲಿ 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ. ಅಷ್ಟಿದ್ದರೆ 180 ದಿನ, ಜಾಮೀನಿಗೆ ಮಾದಕ ವಸ್ತು ಕಾಯ್ದೆಯ ಕಲಂ 37ರ ಅಡ್ಡಿ ಬೇರೆ. ತೂಕ ಹೇಗೆ ಮಾಡಿದರು, ಟೊಂಗೆ, ಎಲೆ, ಚೀಲ ಸೇರಿಸಿ ತೂಗಿದರೇ ಎನ್ನುವುದನ್ನು ಪಂಚನಾಮೆಯಲ್ಲಿ ಮೊದಲ ದಿನವೇ ನೋಡಿ.

ಪೊಲೀಸ್ ಕಸ್ಟಡಿಯ 15 ದಿನ ಮೊದಲ ಹದಿನೈದರಲ್ಲೇ ಮುಗಿಯುತ್ತದೆ ಎಂಬ ಹಳೆಯ ಧೈರ್ಯ ಈಗ ಬೇಡ. ಹೊಸ ಸಂಹಿತೆಯಲ್ಲಿ ಅದನ್ನು ಮೊದಲ 40 ಅಥವಾ 60 ದಿನದೊಳಗೆ ತುಂಡು ತುಂಡಾಗಿ ಕೇಳಬಹುದು. 'ಇನ್ನೂ ಕಸ್ಟಡಿ ಬಾಕಿ ಇದೆ' ಎಂಬ ತಕರಾರಿಗೆ ಉತ್ತರ ಅರ್ಜಿಯಲ್ಲೇ ಇರಲಿ: ಎಷ್ಟು ದಿನ ಕೊಟ್ಟಾಗಿದೆ, ಏನು ವಶಪಡಿಸಿಕೊಂಡಾಗಿದೆ, ಮತ್ತೇನು ಉಳಿದಿದೆ.

ಜಾಮೀನು ಅರ್ಜಿಯಲ್ಲಿ ಹಿಂದೆ ಸಲ್ಲಿಸಿದ ಎಲ್ಲ ಜಾಮೀನು ಅರ್ಜಿಗಳ ವಿವರ ಬರೆಯಲೇಬೇಕು. ಮುಚ್ಚಿಟ್ಟರೆ ಕಕ್ಷಿದಾರನಿಗಷ್ಟೇ ಅಲ್ಲ, ನಿಮ್ಮ ಹೆಸರಿಗೂ ಕುತ್ತು. ಪರಿಶಿಷ್ಟರ ದೌರ್ಜನ್ಯ ತಡೆ ಕಾಯ್ದೆ ಇದ್ದರೆ ನೊಂದವರಿಗೆ ನೋಟಿಸು ಹೋಗದೆ ವಾದ ಕೇಳುವಂತಿಲ್ಲ. ಮತ್ತು ಅಲ್ಲಿ ಜಾಮೀನು ವಜಾ ಆದರೆ ಹೈಕೋರ್ಟಿಗೆ ಹೋಗುವುದು ಅದೇ ಕಾಯ್ದೆಯ ಕಲಂ 14ಎ ಅಡಿ ಮೇಲ್ಮನವಿಯಾಗಿ. ಮಾಮೂಲಿ ಜಾಮೀನು ಅರ್ಜಿ ಹಾಕಿ ವಾರ ಕಳೆದುಕೊಳ್ಳುವವರಿದ್ದಾರೆ.

ಜಾಮೀನುದಾರರ ವಿಷಯ ಯಾರೂ ಕಲಿಸುವುದಿಲ್ಲ. ಉತಾರ (ಪಹಣಿ) ಇತ್ತೀಚಿನದಿರಲಿ. ತೀರಿಹೋದ ತಂದೆಯ ಹೆಸರಲ್ಲೇ ಉಳಿದ ಉತಾರ ತಂದರೆ ವಾಪಸ್ ಕಳಿಸುತ್ತಾರೆ. ಪಿಕೆಪಿಎಸ್ (ಊರಿನ ಕೃಷಿ ಪತ್ತಿನ ಸಹಕಾರ ಸಂಘ) ಸಾಲದ ಬೋಜಾ ಎಷ್ಟಿದೆ ನೋಡಿ, ಭೂಮಿಯ ಬೆಲೆಗಿಂತ ಸಾಲವೇ ಹೆಚ್ಚಿದ್ದರೆ ಪ್ರಶ್ನೆ ಬರುತ್ತದೆ. ಆಧಾರ್ ಮತ್ತು ಉತಾರದಲ್ಲಿ ಹೆಸರು ಬೇರೆ ಇದ್ದರೆ (ಅಡ್ಡಹೆಸರು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರುವುದು ನಮ್ಮ ಕಡೆ ಮಾಮೂಲು) ಪ್ರಮಾಣಪತ್ರ ಮೊದಲೇ ಮಾಡಿಸಿಡಿ. ಮತ್ತು ನೀವಾಗಿ ಜಾಮೀನು ನಿಲ್ಲಬೇಡಿ, ಜಾಮೀನುದಾರ ಗಟ್ಟಿ ಇದ್ದಾನೆಂದು ಪ್ರಮಾಣೀಕರಿಸಲೂ ಬೇಡಿ. ವಕೀಲರ ಪರಿಷತ್ತಿನ ನಿಯಮ ಎರಡನ್ನೂ ನಿಷೇಧಿಸಿದೆ.

ಡೋಣಿ ಸಾಲು:

ವಿಜಯಪುರದ ಕಡೆಯಿಂದ ಸೇರಿಸುತ್ತಿದ್ದೇನೆ. ಮೊದಲಿಗೆ, ಯಾವ ಕಾಯ್ದೆ ಎಂಬ ಗೊಂದಲ. ಅಪರಾಧ ನಡೆದದ್ದು 2024ರ ಜುಲೈ 1ಕ್ಕಿಂತ ಮುಂಚೆ ಇದ್ದರೆ ಕಲಂ ಐಪಿಸಿಯದೇ. ಆ ದಿನ ಬಾಕಿ ಇದ್ದ ವಿಚಾರಣೆಗಳು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಮುಂದುವರಿಯುತ್ತವೆ. ನಮ್ಮ ಕಡೆ ದಿನಾ ಬರುವ, ಐಪಿಸಿ ಮತ್ತು ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂಗಳ ಜೋಡಿ ಬಾಯಿಪಾಠ ಇರಲಿ: 323 ಈಗ 115(2), 324 ಈಗ 118(1), 504 ಈಗ 352, 506 ಈಗ 351, 307 ಈಗ 109, 34 ಈಗ 3(5).

ಚಾರ್ಜ್‌ಶೀಟ್ ಪ್ರತಿ ಕೈಗೆ ಬಂದಾಗ ಮೊದಲ ಪುಟದಿಂದ ಓದಬೇಡಿ. ಒಂದು ಹಾಳೆಯಲ್ಲಿ ದಿನಾಂಕ, ವೇಳೆ, ಕಾಗದ, ಪುಟ ಎಂದು ನಾಲ್ಕು ಕಂಬ ಹಾಕಿ ಎಲ್ಲ ಕಾಗದಗಳನ್ನೂ ಕಾಲಕ್ರಮಕ್ಕೆ ಇಳಿಸಿ. ಎಫ್‌ಐಆರ್ ಮ್ಯಾಜಿಸ್ಟ್ರೇಟರಿಗೆ ತಲುಪಿದ ವೇಳೆ ಅದರ ಮೇಲೆಯೇ ಬರೆದಿರುತ್ತದೆ. ಮಧ್ಯಾಹ್ನ 2ಕ್ಕೆ ದಾಖಲಾದದ್ದು ಮರುದಿನ ಸಂಜೆ ತಲುಪಿದ್ದರೆ ನಡುವಿನ ಹೊತ್ತಿನಲ್ಲಿ ಹೆಸರು ಸೇರಿಸಿದರೇ ಎಂಬ ಪ್ರಶ್ನೆ ಏಳುತ್ತದೆ. ಗಾಯದ ಪ್ರಮಾಣಪತ್ರದಲ್ಲಿ ವೈದ್ಯರು ಬರೆದುಕೊಂಡ ಹಿನ್ನೆಲೆಯನ್ನು ಫಿರ್ಯಾದಿಯ ಪಕ್ಕದಲ್ಲಿಟ್ಟು ನೋಡಿ: ಆಸ್ಪತ್ರೆಯಲ್ಲಿ 'ಇಬ್ಬರು ಬಡಿಗಿಯಿಂದ' ಎಂದಿದ್ದು ಠಾಣೆಯಲ್ಲಿ 'ಆರು ಜನ ಕೊಡ್ಲಿಯಿಂದ' ಆಗಿರಬಹುದು. ಆದರೆ ಒಂದು ಎಚ್ಚರ. ನೆತ್ತಿಯ ಮೇಲೆ ಬಡಿಗಿಯ ಏಟು ಬಿದ್ದರೂ ಚರ್ಮ ಸೀಳಿ ಹರಿತವಾದ ಆಯುಧದ ಗಾಯದಂತೆಯೇ ಕಾಣುತ್ತದೆ. ಅಂಚು ಜಜ್ಜಿದೆಯೋ ಇಲ್ಲವೋ ಎಂದು ಪ್ರಮಾಣಪತ್ರ ಹೇಳದಿದ್ದರೆ ವೈದ್ಯರಿಗೆ ಈ ಪ್ರಶ್ನೆ ಹಾಕುವ ಮುಂಚೆ ಯಾವ ಉತ್ತರ ನಿಮಗೆ ಬೇಕು ಎಂದು ಯೋಚಿಸಿ.

ಶೋಧ ಮತ್ತು ವಶದ ವೇಳೆ ವಿಡಿಯೊ ಮಾಡುವುದನ್ನು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105 ಕಡ್ಡಾಯ ಮಾಡಿದೆ. ಪ್ರತಿಗಳ ಜೊತೆ ಅದನ್ನೂ ಬರಹದಲ್ಲಿ ಕೇಳಿ. ಸಿಸಿಟಿವಿ ಅಥವಾ ಮೊಬೈಲ್ ಸಾಕ್ಷ್ಯ ಇದ್ದರೆ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರದಲ್ಲಿ ಎ, ಬಿ ಎರಡೂ ಭಾಗ ತುಂಬಿದ್ದಾರೆಯೇ, ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲ ಎಂದು ತೋರಿಸುವ ಡಿಜಿಟಲ್ ಗುರುತು) ಬರೆದಿದ್ದಾರೆಯೇ ನೋಡಿ. ಸೆಷನ್ಸ್ ಕೇಸಿನಲ್ಲಿ ಬಿಡುಗಡೆ (ಡಿಸ್ಚಾರ್ಜ್) ಅರ್ಜಿಗೆ, ಮ್ಯಾಜಿಸ್ಟ್ರೇಟರು ಕೇಸನ್ನು ಸೆಷನ್ಸ್‌ಗೆ ಒಪ್ಪಿಸಿದ ದಿನದಿಂದ 60 ದಿನದ ಗಡುವಿದೆ. ಈ ಪರಿಶೀಲನೆ ಅಷ್ಟರೊಳಗೆ ಮುಗಿದಿರಬೇಕು.

ಹೊಲದ ಜಗಳದಲ್ಲಿ ಬಹಳ ಸಲ ಎರಡೂ ಕಡೆಯ ದೂರು ಇರುತ್ತವೆ. ಎರಡನ್ನೂ ಒಬ್ಬರೇ ನ್ಯಾಯಾಧೀಶರು ಒಂದರ ಹಿಂದೊಂದು ನಡೆಸಿ, ಎರಡರ ವಾದವನ್ನೂ ಕೇಳಿ, ಪ್ರತ್ಯೇಕ ತೀರ್ಪು ಕೊಡಬೇಕು ಎಂಬುದು 1990ರ ನಾಥಿ ಲಾಲ್ ತೀರ್ಪಿನಿಂದ ಬಂದ ಕ್ರಮ. ಒಂದು ಕೇಸು 109ರ ಅಡಿ ಸೆಷನ್ಸ್‌ಗೆ, ಇನ್ನೊಂದು 118(1)ರ ಅಡಿ ಜೆಎಂಎಫ್‌ಸಿಯಲ್ಲಿ ಇದ್ದರೆ ಎರಡನೆಯದನ್ನೂ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 362ರಲ್ಲಿ ಸೆಷನ್ಸ್‌ಗೆ ಒಪ್ಪಿಸುವಂತೆ ಅರ್ಜಿ ಹಾಕಿ. ಇದನ್ನು ಮರೆತರೆ ಚಿಕ್ಕ ಕೇಸು ಮೊದಲೇ ಖುಲಾಸೆಯಾಗಿ, ನಿಮ್ಮ ಕಕ್ಷಿದಾರನ ಗಾಯದ ಕಥೆ ಕಾಗದದಿಂದಲೇ ಮಾಯವಾಗುತ್ತದೆ. ಒಂದು ಕೇಸಿನ ಸಾಕ್ಷ್ಯವನ್ನು ಇನ್ನೊಂದರಲ್ಲಿ ಓದುವಂತಿಲ್ಲ, ಹಾಗಾಗಿ ಆರೋಪಿಯ ಗಾಯದ ದಾಖಲೆಯನ್ನು ಎರಡೂ ಕಡತದಲ್ಲಿ ಗುರುತು ಮಾಡಿಸಬೇಕು. ಆ ಗಾಯ ಹೇಗಾಯಿತೆಂದು ಪ್ರಾಸಿಕ್ಯೂಷನ್ ವಿವರಿಸದಿದ್ದರೆ 1976ರ ಲಕ್ಷ್ಮಿ ಸಿಂಗ್ ತೀರ್ಪು ನಿಮ್ಮ ಕೈಗೆ ಬರುತ್ತದೆ.

ಇನ್ನು ಪಾಟೀ ಸವಾಲು. ಮುಖ್ಯ ವಿಚಾರಣೆಯಲ್ಲಿ ಸಾಕ್ಷಿ 'ಒಂದನೇ ಆರೋಪಿ ಕೊಡ್ಲಿಯಿಂದ ಹೊಡೆದ' ಎಂದ, ಪೊಲೀಸ್ ಹೇಳಿಕೆಯಲ್ಲಿ 'ಒಂದನೇ ಆರೋಪಿ ಹಿಡಿದುಕೊಂಡ' ಎಂದಿದೆ ಎಂದುಕೊಳ್ಳಿ. ಮೊದಲು ಈಗ ಹೇಳಿದ ಮಾತನ್ನು ಗಟ್ಟಿ ಮಾಡಿಸಿ. ಆಮೇಲೆ ಹೇಳಿಕೆಯ ಆ ಸಾಲನ್ನು ಇದ್ದ ಹಾಗೆ ಓದಿ ತೋರಿಸಿ, ಹೀಗೆ ಹೇಳಿದ್ದೀರಾ ಎಂದು ಕೇಳಿ. ಒಪ್ಪಿದರೆ ಅಲ್ಲಿಗೆ ಮುಗಿಯಿತು. ಇಲ್ಲ ಎಂದರೆ ಆ ಭಾಗವನ್ನಷ್ಟೇ ಗುರುತಿಸಿ, ತನಿಖಾಧಿಕಾರಿ ಸಾಕ್ಷಿಕಟ್ಟೆಗೆ ಬಂದಾಗ 'ಸಾಕ್ಷಿ ನಿಮ್ಮ ಮುಂದೆ ಹೀಗೆ ಹೇಳಿದ್ದರೇ' ಎಂದು ಕೇಳಿ ನಿ.ಡಿ (ಆರೋಪಿ ಕಡೆಯ ನಿಶಾನೆ) ಮಾಡಿಸಬೇಕು. ಈ ಎರಡನೆಯ ಅರ್ಧವನ್ನು ಬಿಟ್ಟರೆ ಮೊದಲ ಅರ್ಧ ಸತ್ತ ಹಾಗೆಯೇ. ಮೂರು ವರ್ಷದ ನಂತರ ಬರುವ ತನಿಖಾಧಿಕಾರಿಗೆ ಯಾವ ಸಾಕ್ಷಿಯ ಯಾವ ಸಾಲು ಕೇಳಬೇಕೆಂದು ಕಡತದ ಒಳಮೈಗೆ ಅಂಟಿಸಿದ ಹಾಳೆಯಲ್ಲಿ ಬರೆದಿಡಿ. ಹೇಳಿಕೆಯಲ್ಲಿ ಇಲ್ಲದ ಮಾತನ್ನು ಕೋರ್ಟಿನಲ್ಲಿ ಹೊಸದಾಗಿ ಸೇರಿಸಿದ್ದರೆ ಗುರುತಿಸಲು ಸಾಲೇ ಇರುವುದಿಲ್ಲ. ಅಲ್ಲಿ ಪೊಲೀಸರ ಮುಂದೆ ಅದನ್ನು ಹೇಳಿಲ್ಲ ಎಂಬುದನ್ನು ಸಾಕ್ಷಿಗೂ ತನಿಖಾಧಿಕಾರಿಗೂ ಹಾಕಿದರೆ ಸಾಕು.

ಕೊನೆಯಲ್ಲಿ ಹಾಕುವ ಸೂಚನೆಗಳು ಅಪಾಯಕಾರಿ. 'ನೀವೇ ಮೊದಲು ಹೊಡೆದಿದ್ದಕ್ಕೆ ಆರೋಪಿ ತಿರುಗಿ ಹೊಡೆದ ಎಂದರೆ ಸರಿಯೇ' ಎಂದು ಕೇಳಿದ ಕ್ಷಣ ನಿಮ್ಮ ಕಕ್ಷಿದಾರ ಸ್ಥಳದಲ್ಲಿದ್ದ, ಹೊಡೆದ, ಎರಡನ್ನೂ ನೀವೇ ಒಪ್ಪಿದಂತೆ. ವಕೀಲರ ಇಂಥ ಸೂಚನೆ ಆರೋಪಿಯನ್ನು ಕಟ್ಟಿಹಾಕಬಹುದೆಂದು 2023ರ ಬಾಳು ಸುದಾಮ ಖಾಲ್ದೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸ್ಥಳದಲ್ಲಿ ಇರಲೇ ಇಲ್ಲ ಎನ್ನುವುದೋ, ಆತ್ಮರಕ್ಷಣೆ ಎನ್ನುವುದೋ? ಮೊದಲ ಸಾಕ್ಷಿ ಬರುವ ಮುಂಚೆ ಕಕ್ಷಿದಾರನನ್ನು ಕೂರಿಸಿಕೊಂಡು ಒಂದನ್ನು ನಿರ್ಧರಿಸಿ.

ಘಟಪ್ರಭಾ:

ಇಷ್ಟು ಬಿಡಿಸಿ ಬರೆದದ್ದಕ್ಕ ಎಲ್ಲಾರಿಗೂ ಶರಣ್ರಿ. ಇನ್ನೆರಡು ಕೇಳತೇನಿ. ನಿಪ್ಪಾಣಿ ಕಡೆಯವರ ಮ್ಯಾಲ ಕೊಲ್ಲಾಪುರದಾಗ ಎಫ್‌ಐಆರ್ ಆದ್ರ ನಿರೀಕ್ಷಣಾ ಜಾಮೀನು ಎಲ್ಲಿ ಹಾಕಬೇಕು? ಸಾಕ್ಷಿ ಬರೀ ಮರಾಠಿ ಮಾತಾಡಿದ್ರ ಪಾಟೀ ಸವಾಲು ಹೆಂಗ?

ಹಿರಣ್ಯಕೇಶಿ:

ಮೂಲ ಅರ್ಜಿ ಕೊಲ್ಲಾಪುರದ ಸೆಷನ್ಸ್ ಕೋರ್ಟಿಗೇ. ಅಲ್ಲಿಗೆ ತಲುಪುವಷ್ಟರಲ್ಲಿ ಬಂಧನದ ಭಯ ಇದ್ದರೆ ಬೆಳಗಾವಿಯಲ್ಲಿ ಸೀಮಿತ ಅವಧಿಯ ಮಧ್ಯಂತರ ರಕ್ಷಣೆ ಕೇಳಬಹುದು. 2023ರ ನವೆಂಬರ್‌ನ ಪ್ರಿಯಾ ಇಂದೋರಿಯಾ ತೀರ್ಪು ಇದನ್ನು ಒಪ್ಪಿ, ಷರತ್ತುಗಳನ್ನೂ ಹಾಕಿದೆ. ಎಫ್‌ಐಆರ್ ಆದ ಠಾಣೆಯ ತನಿಖಾಧಿಕಾರಿಗೆ ಮತ್ತು ಆ ಕಡೆಯ ಸರ್ಕಾರಿ ಅಭಿಯೋಜಕರಿಗೆ ನೋಟಿಸು ಹೋಗಬೇಕು, ನೇರವಾಗಿ ಅಲ್ಲಿಗೆ ಯಾಕೆ ಹೋಗಲಾಗುತ್ತಿಲ್ಲ ಎಂದು ಕಾರಣ ತೋರಿಸಬೇಕು, ಅರ್ಜಿದಾರ ನಿಜವಾಗಿ ಇಲ್ಲಿಯ ನಿವಾಸಿ ಅಥವಾ ಇಲ್ಲಿ ಉದ್ಯೋಗ ಮಾಡುವವ ಆಗಿರಬೇಕು. ಬರೀ ಇಲ್ಲಿ ಅನುಕೂಲ ಎಂದು ನಿನ್ನೆ ಮಾಡಿಸಿದ ಬಾಡಿಗೆ ಕರಾರು ತಂದರೆ ನಡೆಯುವುದಿಲ್ಲ. ಮರಾಠಿ ಎಫ್‌ಐಆರ್‌ಗೆ ಕನ್ನಡ ಅನುವಾದ ಲಗತ್ತಿಸಿ. ಮಹಾರಾಷ್ಟ್ರದ ಸಾತ್‌ಬಾರಾ ಉತಾರಾ ಹಿಡಿದ ಜಾಮೀನುದಾರರನ್ನು ಇಲ್ಲಿಯ ಕೇಸಿಗೆ ತಂದರೆ ಪರಿಶೀಲನೆಗೆ ದಿನಗಟ್ಟಲೆ ಹೋಗುತ್ತದೆ. ಈ ಕಡೆ ನೆಂಟರಿದ್ದರೆ ಅವರನ್ನೇ ಹುಡುಕಿ.

ಮರಾಠಿ ಸಾಕ್ಷಿಯ ವಿಷಯದಲ್ಲಿ, ಪ್ರಮಾಣ ವಚನಕ್ಕೆ ಮುಂಚೆಯೇ ಭಾಷಾಂತರಕಾರರು ಬೇಕೆಂದು ಕೇಳಿ. ಬೆಂಚಿನವರಿಗೆ ಮರಾಠಿ ಬರುತ್ತದೆ ಎಂದು ಸುಮ್ಮನಿರಬೇಡಿ, ಕಾಗದದ ಮೇಲೆ ಉಳಿಯುವುದು ಕನ್ನಡವೇ. ಆಯುಧ, ದಿಕ್ಕು, ನೆಂಟಸ್ತಿಕೆ ಈ ಮೂರು ಪದಗಳು ಬಂದಾಗ ಸಾಕ್ಷಿ ಆಡಿದ ಮೂಲ ಶಬ್ದವನ್ನೂ ದಾಖಲಿಸಲು ವಿನಂತಿಸಿ. ಕಬ್ಬು ಕಡಿಯುವ ಕೋಯ್ತಾ ಕನ್ನಡದ ಹೇಳಿಕೆಯಲ್ಲಿ ಕೊಡ್ಲಿ ಎಂದು ಇಳಿದರೆ, ವಶಪಡಿಸಿದ ಮುದ್ದೆಮಾಲಿಗೂ ಮಾತಿಗೂ ತಾಳೆ ಬೀಳುವುದಿಲ್ಲ. ಅದು ನಿಜವಾದ ವ್ಯತ್ಯಾಸವೋ ಬರೆದುಕೊಂಡವರ ತಪ್ಪೋ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಅನುವಾದದ ತಪ್ಪಾಗಿದ್ದರೆ ತನಿಖಾಧಿಕಾರಿ ಒಂದೇ ಉತ್ತರದಲ್ಲಿ ಅದನ್ನು ಸರಿಪಡಿಸಿಬಿಡುತ್ತಾರೆ. ಅದಕ್ಕೇ ಹೇಳಿಕೆ ಬರೆದುಕೊಂಡ ಪೊಲೀಸರಿಗೆ ಮರಾಠಿ ಬರುತ್ತದೆಯೇ, ಬರೆದ ಮೇಲೆ ಯಾವ ಭಾಷೆಯಲ್ಲಿ ಓದಿ ಹೇಳಿದರು ಎಂಬ ಎರಡು ಪ್ರಶ್ನೆಗಳನ್ನು ಆಯುಧದ ಪ್ರಶ್ನೆಗಿಂತ ಮೊದಲು ಹಾಕಿ.